ಯಾವ ಸಿನಿಮಾ ನೋಡ್ಲಿ, ಯಾಕೆ ನೋಡ್ಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಥರ, "ಒಳ್ಳೆ ಸಿನಿಮಾ ಹೇಳಿ" ಅಂತ, ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದೀನಿ. ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಬರೀ ಕಥೆ ಕೇಳಿ ಸಿನಿಮಾ ಆರಿಸ್ಕೋಬೇಡಿ. "ಒಬ್ಬನ ಸೈಕಲ್ ಕಳ್ಳತನ ಆಗುತ್ತೆ, ಅವನು ಮಗನ ಜೊತೆ ಅದನ್ನ ಹುಡುಕ್ತಾನೆ" ಅಂದ್ರೆ ಯಾರಿಗೆ ನೋಡಬೇಕು ಅನ್ಸುತ್ತೆ ಹೇಳಿ? ಆದ್ರೆ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' (1948) ಸಿನಿಮಾದಲ್ಲಿ ಒಂದು ಸೀನ್ ಇದೆ, ಅಡ ಇಟ್ಟ ಸೈಕಲ್ ಬಿಡಿಸ್ಕೊಳ್ಳೋಕೆ ಹೆಂಡತಿ ಮನೆಯ ಹಾಸಿಗೆ ಮೇಲಿನ ಬೆಡ್‌ಶೀಟೆಲ್ಲಾ ತೆಗೆದು ಗಿರವಿಗೆ ಕೊಡ್ತಾಳೆ, ಅಲ್ಲಿನ ನೌಕರ ಆ ಗಂಟು ತಗೊಂಡು ಒಂದು ಕಪಾಟು ಹತ್ತೋಕೆ ಶುರು ಮಾಡ್ತಾನೆ, ಹತ್ತಾನೇ ಹೋಗ್ತಾನೆ, ಕ್ಯಾಮೆರಾನೂ ಮೇಲಕ್ಕೆ ಹೋಗುತ್ತೆ, ಚಾವಣಿವರೆಗೂ ಬರೀ ಗಂಟುಗಳು, ಎಲ್ಲಾ ಯಾರ್ಯಾರದೋ ಮನೆಯ ಬೆಡ್‌ಶೀಟ್. ಒಂದು ಮಾತಿಲ್ಲ. ಯುದ್ಧ ಮುಗಿದ ರೋಮ್ ಊರಿನ ಬಡತನ ಅಷ್ಟೂ ಆ ಕಪಾಟಲ್ಲಿ ಕಂಡುಬಿಡುತ್ತೆ. ಒಂದು ಸಿನಿಮಾ ಯಾಕೆ ನೋಡ್ಬೇಕು ಅಂತ ಕೇಳಿದ್ರೆ ನಾನು ಹೇಳೋದು ಇಂಥ ಸೀನ್‌ಗಳನ್ನೇ, ಕೆಳಗೂ ಹಾಗೇ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಎಲ್ಲಿ ನೋಡಿದ್ರೂ ಟಾಪ್ ಹತ್ತು, ಟಾಪ್ ನೂರು ಅಂತ ಪಟ್ಟಿ, ಓದಿ ಓದಿ ಸಾಕಾಗಿದೆ. ನೀವು ಒಂದೇ ಒಂದು ಹೇಳಿ, ಯಾಕೆ ಅಂತಾನೂ ಹೇಳಿ. ನನಗೆ 52 ವರ್ಷ, ಕಚೇರಿ ಕೆಲಸ.

ಉತ್ತರ: ಕಚೇರಿ ಕೆಲಸ ಅಂದ್ರಲ್ಲ, ಹಾಗಾದ್ರೆ ನಾನು ಯೋಚನೆ ಮಾಡೋದೇ ಬೇಕಿಲ್ಲ, ಕುರೊಸಾವಾ ಅವರ 'ಇಕಿರು' ನೋಡಿ. ಜಪಾನಿ ಸಿನಿಮಾ, 1952ರದ್ದು, ಇಕಿರು ಅಂದ್ರೆ ಬದುಕೋದು. ಶುರುವಾಗೋದೇ ಒಂದು ಎಕ್ಸ್‌ರೇ ಇಂದ. ಇದು ನಮ್ಮ ನಾಯಕನ ಹೊಟ್ಟೆ, ಒಳಗೆ ಕ್ಯಾನ್ಸರ್ ಇದೆ, ಅವನಿಗಿನ್ನೂ ಗೊತ್ತಿಲ್ಲ ಅಂತ ಒಂದು ದನಿ ಹೇಳುತ್ತೆ. ಅಂದ್ರೆ ಮನುಷ್ಯನ ಮುಖ ತೋರಿಸೋಕೆ ಮುಂಚೆ ಅವನ ಸಾವು ತೋರಿಸಿ ಆಯ್ತು. ಆಮೇಲೆ ವತನಾಬೆ ಕಾಣಿಸ್ತಾನೆ, ನಗರಸಭೆಯ ಒಂದು ವಿಭಾಗದ ಮುಖ್ಯಸ್ಥ, ಸುತ್ತ ಫೈಲುಗಳ ಗೋಡೆ, ಒಂದೊಂದೇ ಕಾಗದ ತೆಗೆದು ಸೀಲ್ ಒತ್ತುತ್ತಾ ಕೂತಿದಾನೆ, ಸುಮಾರು ಮೂವತ್ತು ವರ್ಷದಿಂದ ಒಂದು ದಿನಾನೂ ರಜೆ ಹಾಕಿಲ್ಲ.

ಅಷ್ಟರಲ್ಲಿ ಒಂದಷ್ಟು ಹೆಂಗಸರು ಅರ್ಜಿ ಹಿಡ್ಕೊಂಡು ಬರ್ತಾರೆ, ನಮ್ಮ ಬೀದಿಯ ಕೊಚ್ಚೆ ಗುಂಡಿ ಮುಚ್ಚಿ ಮಕ್ಕಳಿಗೆ ಆಟದ ಜಾಗ ಮಾಡ್ಕೊಡಿ ಅಂತ. ಆ ಟೇಬಲ್ಲಿಂದ ಈ ಟೇಬಲ್ಲಿಗೆ, ಈ ಸೆಕ್ಷನ್ನಿಂದ ಆ ಸೆಕ್ಷನ್ನಿಗೆ ಕಳಿಸ್ತಾನೇ ಇರ್ತಾರೆ, ಪುಟ್ಟ ಪುಟ್ಟ ಶಾಟ್‌ಗಳು ಪಟಪಟ ಅಂತ ಒಂದನ್ನೊಂದು ಒರೆಸ್ಕೊಂಡು ಬರುತ್ವೆ, ಕೊನೆಗೆ ಆ ಹೆಂಗಸರು ಎಲ್ಲಿಂದ ಹೊರಟಿದ್ರೋ ಅಲ್ಲಿಗೇ ಬಂದು ನಿಂತಿರ್ತಾರೆ. ಒಂದೆರಡೇ ನಿಮಿಷದಲ್ಲಿ ಇಡೀ ವ್ಯವಸ್ಥೆ ಕಣ್ಮುಂದೆ ಇಟ್ಟುಬಿಟ್ಟಿದಾರೆ.

ಆದ್ರೆ ನಾನು ಈ ಸಿನಿಮಾ ಮತ್ತೆ ಮತ್ತೆ ನೋಡೋಕೆ ಕಾರಣ ಬೇರೆ. ಸಾಯ್ತೀನಿ ಅಂತ ಗೊತ್ತಾದ ಮೇಲೆ ವತನಾಬೆ ಆ ಆಟದ ಜಾಗ ಮಾಡಿಸ್ಬೇಕು ಅಂತ ಹೊರಡ್ತಾನೆ, ಬೇರೆ ಯಾರಾದ್ರೂ ಆಗಿದ್ರೆ ಮುಂದೆ ಅವನ ಹೋರಾಟ ತೋರಿಸಿ, ಕೊನೆಗೆ ಸಾವು ತೋರಿಸಿ, ಅಳಿಸಿ ಕಳಿಸ್ತಿದ್ರು. ಕುರೊಸಾವಾ ಹಾಗೆ ಮಾಡಲ್ಲ. ಇನ್ನೂ ಮುಕ್ಕಾಲು ಗಂಟೆ ಮೇಲೆ ಸಿನಿಮಾ ಬಾಕಿ ಇರುವಾಗಲೇ ನಾಯಕ ಸತ್ತೋಗಿರ್ತಾನೆ, ಮುಂದೆ ಕಾಣೋದು ಅವನ ಫೋಟೋ, ಅದರ ಮುಂದೆ ಕೂತು ಕುಡೀತಿರೋ ಸಹೋದ್ಯೋಗಿಗಳು. ಆ ಪಾರ್ಕ್ ಯಾರಿಂದ ಆಯ್ತು ಅಂತ ಅವರಲ್ಲಿ ವಾದ, ಒಬ್ಬೊಬ್ಬರು ಒಂದೊಂದು ತುಣುಕು ನೆನಪಿಸ್ಕೋತಾರೆ, ಆ ತುಣುಕುಗಳಲ್ಲಿ ನಾವು ಅವನನ್ನ ನೋಡ್ಬೇಕು. ಬದುಕಿದ್ದಾಗ ಯಾರೂ ಸರಿಯಾಗಿ ನೋಡದೇ ಇದ್ದ ಮನುಷ್ಯನನ್ನ ನಾವೂ ಅವನು ಹೋದ ಮೇಲೇ ಹುಡುಕ್ಕೊಳ್ಳೋ ಹಾಗೆ ಮಾಡಿದಾರೆ. ಹಿಮ ಬೀಳೋ ರಾತ್ರಿ, ಉಯ್ಯಾಲೆ ಮೇಲೆ ಕೂತು ಹಳೇ ಹಾಡು ಹೇಳ್ಕೋತಿರೋ ವತನಾಬೆಯ, ಅಂದ್ರೆ ನಟ ತಕಾಶಿ ಶಿಮುರಾ ಅವರ ಮುಖ ಬರೋದು ಈ ಭಾಗದಲ್ಲೇ, ಅದನ್ನ ನಾನು ವಿವರಿಸಲ್ಲ, ನೀವೇ ನೋಡಿ. ಇದನ್ನ 2022ರಲ್ಲಿ 'ಲಿವಿಂಗ್' ಅಂತ ಇಂಗ್ಲಿಷಲ್ಲೂ ಮಾಡಿದಾರೆ, ಅದೂ ಚೆನ್ನಾಗಿದೆ, ಆದ್ರೆ ಮೊದಲು ಮೂಲ ನೋಡಿ.

ಒಂದೇ ಅಂದ್ರಿ, ಆದ್ರೂ ಇನ್ನೊಂದು ಹೇಳದೇ ಇರೋಕಾಗ್ತಿಲ್ಲ. 'ಇಕಿರು' ನೋಡಿದ ವಾರದಲ್ಲೇ ಗಿರೀಶ್ ಕಾಸರವಳ್ಳಿ ಅವರ 'ತಬರನ ಕಥೆ' (1986) ನೋಡಿ, ತೇಜಸ್ವಿ ಅವರ ಕಥೆ. ಅಲ್ಲಿ ನಾವು ಮೇಜಿನ ಈಚೆ ಕೂತಿದ್ವಿ, ಇಲ್ಲಿ ಮೇಜಿನ ಆಚೆ ನಿಂತಿರೋನ ಪಾಡು. ನಿವೃತ್ತನಾದ ತಬರಶೆಟ್ಟಿಗೆ ಪಿಂಚಣಿ ಬರ್ಬೇಕು, ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೀತಾ ಬರ್ತಿದೆ, ಕಾಗದ ಮಾತ್ರ ಮುಂದಕ್ಕೆ ಹೋಗ್ತಿಲ್ಲ. ಕೆಟ್ಟವರು ಅಂತ ಬೆರಳು ಮಾಡಿ ತೋರಿಸೋಕೆ ಒಬ್ಬ ವಿಲನ್ ಇಲ್ಲ, ಅದೇ ಭಯ ಹುಟ್ಟಿಸೋದು. ಚಾರುಹಾಸನ್ ಅವರಿಗೆ ಇದಕ್ಕೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು, ಸಿನಿಮಾಕ್ಕೆ ಸ್ವರ್ಣಕಮಲ. ಎರಡನ್ನೂ ಜೊತೆಗೆ ನೋಡಿದವರಿಗೆ ತಮ್ಮ ಮೇಜಿನ ಮೇಲಿರೋ ಫೈಲ್ ಬೇರೆ ಥರಾನೇ ಕಾಣುತ್ತೆ.

ಪ್ರಶ್ನೆ: ಕಾಲೇಜಲ್ಲಿ ಓದ್ತಿದೀನಿ. ನೀವೆಲ್ಲಾ ಹೊಗಳೋ ಕಪ್ಪು-ಬಿಳುಪು ಸಿನಿಮಾ ಹಾಕಿದ್ರೆ ಹದಿನೈದು ನಿಮಿಷಕ್ಕೆ ನಿದ್ದೆ ಬರುತ್ತೆ ಸರ್. ನಿದ್ದೆ ಬರದೇ ಇರೋ ಒಂದು ಹೇಳಿ.

ಉತ್ತರ: '12 ಆಂಗ್ರಿ ಮೆನ್', 1957. ಬರೀ 96 ನಿಮಿಷ. ಹನ್ನೆರಡು ಜನ ಜ್ಯೂರಿ ಸದಸ್ಯರು, ಒಂದು ರೂಮು, ಕೊಲೆ ಆರೋಪ ಹೊತ್ತ ಒಬ್ಬ ಹುಡುಗ ಸಾಯ್ಬೇಕಾ ಬದುಕ್ಬೇಕಾ ಅಂತ ಇವರು ತೀರ್ಮಾನ ಮಾಡ್ಬೇಕು, ಹನ್ನೊಂದು ಜನ ತಪ್ಪಿತಸ್ಥ ಅಂತಾರೆ, ಒಬ್ಬ ಮಾತ್ರ ಇಲ್ಲ, ಸ್ವಲ್ಪ ಮಾತಾಡೋಣ ಅಂತಾನೆ. ಅಷ್ಟೇ, ಹೆಚ್ಚುಕಮ್ಮಿ ಪೂರ್ತಿ ಸಿನಿಮಾ ಆ ರೂಮು ಬಿಟ್ಟು ಆಚೆ ಬರಲ್ಲ, ಆದ್ರೂ ನೀವು ಫೋನ್ ಮುಟ್ಟಲ್ಲ.

ಯಾಕೆ ಮುಟ್ಟಲ್ಲ ಅಂತ ಹೇಳ್ತೀನಿ ಕೇಳಿ, ಇದು ನನಗೆ ತುಂಬಾ ಇಷ್ಟವಾದ ವಿಷಯ. ಸಿಡ್ನಿ ಲ್ಯುಮೆಟ್ ಅವರಿಗೆ ಇದು ಮೊದಲ ಸಿನಿಮಾ, ಟಿವಿಯಿಂದ ಬಂದವರು. ಒಂದೇ ರೂಮಲ್ಲಿ ತೆಗೀತಿದೀನಲ್ಲ, ಬೋರ್ ಹೊಡೆಯುತ್ತಲ್ಲ ಅಂತ ಅವರು ರೂಮನ್ನ ದೊಡ್ಡದಾಗಿ ತೋರಿಸೋಕೆ ಹೋಗ್ಲಿಲ್ಲ, ಉಲ್ಟಾ ಮಾಡಿದ್ರು, ಹೋಗ್ತಾ ಹೋಗ್ತಾ ರೂಮನ್ನ ಚಿಕ್ಕದು ಮಾಡಿದ್ರು. ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿದೆ, ಜನ ಸಣ್ಣದಾಗಿ, ಜಾಗ ವಿಶಾಲವಾಗಿ ಕಾಣುತ್ತೆ. ಮಧ್ಯದಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತೆ. ಕೊನೆ ಭಾಗದಲ್ಲಿ ಕಣ್ಣಿಗಿಂತ ಕೆಳಗೆ, ಆವಾಗ ಚಾವಣಿನೂ ಕಾಣೋಕೆ ಶುರುವಾಗುತ್ತೆ. ಜೊತೆಗೆ ಲೆನ್ಸ್‌ನೂ ಉದ್ದುದ್ದಕ್ಕೆ ಬದಲಾಯಿಸ್ತಾ ಹೋದ್ರು, ಹಿಂದಿನ ಗೋಡೆ ಹತ್ತಿರ ಹತ್ತಿರ ಬಂದ ಹಾಗೆ ಕಾಣುತ್ತೆ. ಸೆಕೆ ಬೇರೆ, ಫ್ಯಾನ್ ಬೇರೆ ಬಹಳ ಹೊತ್ತು ತಿರುಗಲ್ಲ. ನಮಗೆ ಇದೇನೂ ಗೊತ್ತಾಗಲ್ಲ, ಉಸಿರು ಕಟ್ಟಿದ ಹಾಗೆ ಅನ್ಸುತ್ತೆ ಅಷ್ಟೇ, ಕೊನೇ ಶಾಟ್‌ನಲ್ಲಿ ಹೊರಗೆ ಬಂದಾಗ ಅಗಲವಾದ ಲೆನ್ಸ್ ಹಾಕಿದಾರೆ, ಆವಾಗ ನಿಜಕ್ಕೂ ಉಸಿರು ಬಿಡ್ತೀವಿ. ಮೊದಲ ಸಲ ಸುಮ್ನೆ ನೋಡಿ, ಎರಡನೇ ಸಲ ಸೌಂಡ್ ಕಮ್ಮಿ ಮಾಡಿ ಬರೀ ಚಾವಣಿ ಯಾವಾಗ ಕಾಣುತ್ತೆ ಅಂತ ನೋಡ್ತಾ ಕೂತ್ಕೊಳ್ಳಿ.

ನಿದ್ದೆ ಬರೋದು ಬಣ್ಣ ಇಲ್ಲದ್ದಕ್ಕೆ ಅಲ್ಲ ಅಂತ ನನ್ನ ಅನಿಸಿಕೆ, ಎಲ್ಲಿ ನೋಡ್ಬೇಕು ಅಂತ ಗೊತ್ತಾಗದೇ ಇದ್ದಾಗ ಬರುತ್ತೆ. ಇದಾದ್ಮೇಲೆ ಹಿಚ್‌ಕಾಕ್ ಅವರ 'ರಿಯರ್ ವಿಂಡೋ' (1954) ನೋಡಿ, ಅದು ಕಲರ್ರೇ, ಕಾಲು ಮುರ್ಕೊಂಡು ಕಿಟಕಿ ಮುಂದೆ ಕೂತಿರೋ ಫೋಟೋಗ್ರಾಫರ್ ಕಥೆ. ಅವನಿಗೆ ಎದುರು ಮನೆಗಳಲ್ಲಿ ಎಷ್ಟು ಕಾಣುತ್ತೋ ನಮಗೂ ಹೆಚ್ಚುಕಮ್ಮಿ ಅಷ್ಟೇ ಕಾಣೋದು.

ಪ್ರಶ್ನೆ: ಡಬ್ಬಿಂಗ್ ನೋಡೋದಾ, ಸಬ್‌ಟೈಟಲ್ ಹಾಕ್ಕೊಂಡು ನೋಡೋದಾ? ಮನೇಲಿ ದಿನಾ ಜಗಳ.

ಉತ್ತರ: ಸಬ್‌ಟೈಟಲ್. ನಟನೆಯಲ್ಲಿ ಅರ್ಧ ದನಿಯಲ್ಲೇ ಇರುತ್ತೆ, ಅದನ್ನ ತೆಗೆದು ಬೇರೆಯವರ ದನಿ ಅಂಟಿಸಿದ್ರೆ ಮುಖ ಒಂದು ಹೇಳುತ್ತೆ ಕಿವಿಗೆ ಇನ್ನೊಂದು ಕೇಳುತ್ತೆ. ಓದೋಕೆ ಬರದ ಪುಟ್ಟ ಮಕ್ಕಳಿಗೆ, ಕಣ್ಣು ಸರಿ ಕಾಣದ ಹಿರಿಯರಿಗೆ ಮಾತ್ರ ಡಬ್ಬಿಂಗ್ ಹಾಕಿ, ಸಿನಿಮಾನೇ ನೋಡದೇ ಇರೋದಕ್ಕಿಂತ ಅದು ಸಾವಿರ ಪಾಲು ಮೇಲು.

ಪ್ರಶ್ನೆ: ಮಗಳಿಗೆ ಏಳು ವರ್ಷ. ಅವಳು ನೋಡೋ ಕಾರ್ಟೂನೆಲ್ಲಾ ಬರೀ ಕಿರುಚಾಟ, ಹೊಡೆದಾಟ. ನಾವೂ ಜೊತೆಗೆ ಕೂತು ನೋಡೋ ಥರದ್ದು ಇದೆಯಾ?

ಉತ್ತರ: ಇದೆ ಅಮ್ಮ, 'ಮೈ ನೇಬರ್ ಟೊಟೊರೊ', ಹಯಾವೊ ಮಿಯಾಝಾಕಿ, 1988, ಒಂದೂವರೆ ಗಂಟೆನೂ ಇಲ್ಲ. ಇದರಲ್ಲಿ ಕೆಟ್ಟವರು ಅಂತ ಒಬ್ಬರೂ ಇಲ್ಲ, ಯುದ್ಧ ಇಲ್ಲ, ರೇಸ್ ಇಲ್ಲ. ಇಬ್ಬರು ಅಕ್ಕತಂಗಿ ಅಪ್ಪನ ಜೊತೆ ಹಳ್ಳಿಮನೆಗೆ ಬರ್ತಾರೆ, ಅಮ್ಮ ಆಸ್ಪತ್ರೆಯಲ್ಲಿ, ಪಕ್ಕದ ಕಾಡಲ್ಲಿ ಒಂದು ದೊಡ್ಡ ಮೆತ್ತನೆ ಪ್ರಾಣಿ. ಅಷ್ಟೇ. ಮಿಯಾಝಾಕಿ ಚಿಕ್ಕವರಿದ್ದಾಗ ಅವರ ತಾಯಿಗೂ ಬೆನ್ನುಮೂಳೆಯ ಕ್ಷಯ ಆಗಿ ವರ್ಷಗಟ್ಟಲೆ ಮಲಗಿದ್ರು, ಆ ಭಯ ಇಡೀ ಸಿನಿಮಾದ ಅಡಿಯಲ್ಲಿ ಸಣ್ಣಗೆ ಹರೀತಾ ಇರುತ್ತೆ, ಆದ್ರೆ ಮಗುವನ್ನ ಹೆದರಿಸಲ್ಲ.

ಬಸ್‌ಸ್ಟಾಪ್ ಸೀನ್ ಬಂದಾಗ ಮಗಳ ಮುಖ ನೋಡಿ. ಮಳೆ, ಕತ್ತಲೆ, ಅಪ್ಪನ ಬಸ್ ಬಂದಿಲ್ಲ, ತಂಗಿ ಬೆನ್ನ ಮೇಲೆ ನಿದ್ದೆ ಹೋಗಿದಾಳೆ. ಎಷ್ಟೋ ಹೊತ್ತು ಏನೂ ಆಗಲ್ಲ, ಹನಿ ಬೀಳೋ ಸದ್ದು ಅಷ್ಟೇ. ಪಕ್ಕದಲ್ಲಿ ಟೊಟೊರೊ ಬಂದು ನಿಲ್ಲುತ್ತೆ, ಅಕ್ಕ ಅಪ್ಪನಿಗೆ ಅಂತ ತಂದ ಛತ್ರಿ ಅದಕ್ಕೆ ಕೊಡ್ತಾಳೆ, ಛತ್ರಿ ಮೇಲೆ ಹನಿ ಟಪ್ ಅಂತ ಬಿದ್ದಾಗ ಅದಕ್ಕೆ ಆಗೋ ಖುಷಿ ಇದೆಯಲ್ಲ, ಮಗುವಿಗೆ ಮಳೆ ಮೊದಲ ಸಲ ಕೇಳಿಸ್ದಾಗ ಆಗೋ ಖುಷಿನೇ ಅದು. ಕಾಯೋದನ್ನೂ ತೋರಿಸ್ಬಹುದು ಅಂತ ಗೊತ್ತಿರೋ ಮಕ್ಕಳ ಸಿನಿಮಾ ಬಹಳ ಕಮ್ಮಿ. ಇನ್ನೊಂದು ವಿಷಯ, ಇದರಲ್ಲಿ ದೊಡ್ಡವರು ಮಕ್ಕಳ ಮಾತನ್ನ ಸುಳ್ಳು ಅನ್ನಲ್ಲ, ಚಿಕ್ಕವಳು ಕಾಡಿನ ಪ್ರಾಣಿ ನೋಡಿದೆ ಅಂದ್ರೆ ಅಪ್ಪ ನಂಬ್ತಾನೆ, ದೊಡ್ಡ ಮರದ ಮುಂದೆ ಕರ್ಕೊಂಡೋಗಿ ಕೈ ಜೋಡಿಸ್ತಾನೆ.

ಒಂದು ಎಚ್ಚರಿಕೆ, ಮರೀಬೇಡಿ. ಟೊಟೊರೊ ಬಿಡುಗಡೆ ಆಗಿದ್ದು ಅದೇ ಸ್ಟುಡಿಯೋದ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಜೊತೆಗೆ, ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ಥರ. ಹೆಸರು ನೋಡಿ, ಕಾರ್ಟೂನ್ ಅಂತ ಅಂದ್ಕೊಂಡು ಅದನ್ನ ಏಳು ವರ್ಷದ ಮಗುವಿಗೆ ಹಾಕ್ಬೇಡಿ. ಯುದ್ಧದಲ್ಲಿ ಅನಾಥರಾದ ಅಣ್ಣ ತಂಗಿ ಕಥೆ ಅದು, ಅಮೂಲ್ಯವಾದ ಸಿನಿಮಾ, ಆದ್ರೆ ನೀವು ದೊಡ್ಡವರು ನೋಡೋದು, ಅದೂ ಮನಸ್ಸು ಗಟ್ಟಿ ಇರೋ ದಿನ.

ಮಗಳು ಇನ್ನೊಂದೆರಡು ವರ್ಷ ದೊಡ್ಡವಳಾದ್ಮೇಲೆ ಇರಾನಿನ 'ಚಿಲ್ಡ್ರನ್ ಆಫ್ ಹೆವನ್' (1997). ತಂಗಿಯ ಶೂ ಕಳೆದುಹಾಕಿದ ಅಣ್ಣ, ಮನೇಲಿ ಹೇಳೋ ಹಾಗಿಲ್ಲ, ಹಾಗಾಗಿ ಒಂದೇ ಜೊತೆ ಶೂ ಇಬ್ಬರೂ ಹಂಚ್ಕೋತಾರೆ, ಅವಳು ಬೆಳಗಿನ ಶಾಲೆ ಮುಗಿಸಿ ಓಡಿ ಬರ್ಬೇಕು, ಇವನು ಹಾಕ್ಕೊಂಡು ಮಧ್ಯಾಹ್ನದ ಶಾಲೆಗೆ ಓಡ್ಬೇಕು. ಮುಂದೆ ಒಂದು ಓಟದ ಸ್ಪರ್ಧೆ ಬರುತ್ತೆ, ಮೂರನೇ ಬಹುಮಾನ ಶೂ, ಹಾಗಾಗಿ ಹುಡುಗನಿಗೆ ಮೂರನೇ ಸ್ಥಾನಾನೇ ಬೇಕು, ಮೊದಲನೇದಲ್ಲ. ನಾವು ಕೂತಲ್ಲೇ "ಸ್ವಲ್ಪ ನಿಧಾನ, ಸ್ವಲ್ಪ ನಿಧಾನ" ಅಂತ ಕೂಗೋ ಓಟದ ಸೀನ್ ನಾನು ಬೇರೆ ಯಾವ ಸಿನಿಮಾದಲ್ಲೂ ನೋಡಿಲ್ಲ.

ಪ್ರಶ್ನೆ: ನನ್ನ ತಂದೆಗೆ ವಯಸ್ಸಾಗಿದೆ, ಕಿವಿ ಕೇಳಲ್ಲ, ಸಬ್‌ಟೈಟಲ್ ಓದೋಷ್ಟರಲ್ಲಿ ಅದು ಹೋಗಿರುತ್ತೆ. ಮುಂಚೆ ಸಿನಿಮಾ ಅಂದ್ರೆ ಪ್ರಾಣ. ಈಗ ಟಿವಿ ಮುಂದೆ ಸುಮ್ನೆ ಕೂತಿರ್ತಾರೆ, ನೋಡೋಕಾಗಲ್ಲ.

ಉತ್ತರ: ನಿಮ್ಮ ಪತ್ರ ನಾನು ಎರಡು ಸಲ ಓದಿದೆ. ಇವತ್ತೇ 'ಪುಷ್ಪಕ ವಿಮಾನ' ಹಾಕಿ. ಸಿಂಗೀತಂ ಶ್ರೀನಿವಾಸರಾವ್, 1987, ಕಮಲ್ ಹಾಸನ್, ಅಮಲಾ. ಎರಡು ಗಂಟೆ ಮೇಲಿರೋ ಸಿನಿಮಾದಲ್ಲಿ ಪಾತ್ರಗಳ ಬಾಯಲ್ಲಿ ಒಂದು ಮಾತೂ ಇಲ್ಲ. ಮೂಕರ ಕಥೆ ಅಂತಲ್ಲ, ಮಾತಾಡೋ ಪ್ರಸಂಗಾನೇ ಬರದ ಹಾಗೆ ಒಂದೊಂದು ಸೀನನ್ನೂ ಜೋಡಿಸಿದಾರೆ, ಗಾಜಿನ ಆಚೆ ಈಚೆ ನಿಲ್ಲಿಸಿ, ದೂರದ ಬಾಲ್ಕನಿಯಲ್ಲಿ ನಿಲ್ಲಿಸಿ, ಕೈ ಸನ್ನೆಯಲ್ಲೇ ಪ್ರೇಮ ಬೆಳೆಸಿ. ಕೆಲಸ ಇಲ್ಲದ ಹುಡುಗ ಕುಡಿದು ಬಿದ್ದಿರೋ ಒಬ್ಬ ಶ್ರೀಮಂತನನ್ನ ಬಚ್ಚಿಟ್ಟು ಅವನ ಹೋಟೆಲ್ ರೂಮಲ್ಲಿ ಸೇರ್ಕೋತಾನೆ, ಆ ಶ್ರೀಮಂತನನ್ನ ಕೊಲ್ಲೋಕೆ ಬಂದವನು ಇವನ ಹಿಂದೆ ಬೀಳ್ತಾನೆ, ಅವನ ಹತ್ತಿರ ಇರೋದು ಮಂಜುಗಡ್ಡೆಯ ಚೂರಿ. ಸದ್ದಿನ ಮೇಲೆ ನಿಂತ ಒಂದೆರಡು ತಮಾಷೆ ಇವೆ, ಗಲಾಟೆ ಇಲ್ಲದ ರೂಮಲ್ಲಿ ನಿದ್ದೆ ಬರಲ್ಲ ಅಂತ ಹುಡುಗ ತನ್ನ ಹಳೇ ರೂಮಿನ ಗದ್ದಲಾನ ಟೇಪ್ ಮಾಡ್ಕೊಂಡು ಬಂದು ಹಾಕ್ಕೊಂಡು ಮಲಗೋದು, ಅಂಥವನ್ನ ಪಕ್ಕದಲ್ಲಿ ಕೂತು ಒಂದು ಸನ್ನೆ ಮಾಡಿ ಹೇಳ್ಬಿಡಿ. ಉಳಿದದ್ದು ಅವರು ನಿಮಗಿಂತ ಮುಂಚೆ ಹಿಡೀತಾರೆ.

ಆಮೇಲೆ ಚಾಪ್ಲಿನ್, 'ಸಿಟಿ ಲೈಟ್ಸ್', 1931. ಮಾತಿನ ಸಿನಿಮಾ ಬಂದು ನಾಲ್ಕು ವರ್ಷ ಆಗಿತ್ತು, ಎಲ್ಲರೂ ಮಾತಾಡಿಸ್ತಿದ್ರು, ಚಾಪ್ಲಿನ್ ಒಪ್ಪಲಿಲ್ಲ. ಕುರುಡು ಹುಡುಗಿ ಹೂ ಮಾರ್ತಾಳೆ, ಹರಕು ಬಟ್ಟೆ ಅಲೆಮಾರಿಯನ್ನ ಶ್ರೀಮಂತ ಅಂದ್ಕೋಬೇಕು, ಇಷ್ಟು ಕಥೆಗೆ ಬೇಕು. ಕಣ್ಣು ಕಾಣದವಳು ಹೇಗೆ ಹಾಗಂದ್ಕೋತಾಳೆ, ಅದೂ ಮಾತಿಲ್ಲದ ಸಿನಿಮಾದಲ್ಲಿ? ಚಾಪ್ಲಿನ್ ಇದಕ್ಕೆ ತಿಂಗಳುಗಟ್ಟಲೆ ಒದ್ದಾಡಿದ್ರು, ಆ ಸೀನಿಗೆ 300ಕ್ಕೂ ಹೆಚ್ಚು ಟೇಕ್ ಆಯ್ತು. ಕೊನೆಗೆ ಸಿಕ್ಕ ಉತ್ತರ ಒಂದು ಕಾರಿನ ಬಾಗಿಲು. ರಸ್ತೆ ದಾಟೋಕೆ ಜಾಗ ಇಲ್ಲ ಅಂತ ಅಲೆಮಾರಿ ನಿಂತಿರೋ ಕಾರಿನ ಒಂದು ಬಾಗಿಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳೀತಾನೆ, ಬಾಗಿಲು ಹಾಕ್ತಾನೆ, ಹುಡುಗಿ ಆ ಕಡೆ ತಿರುಗಿ ಹೂ ಚಾಚ್ತಾಳೆ. ಸದ್ದು ನಮಗೆ ಕೇಳಲ್ಲ, ಅವಳಿಗೆ ಕೇಳ್ತು ಅಂತ ಅವಳ ಮುಖದಲ್ಲಿ ಕಾಣುತ್ತೆ. ಕಿವಿ ಕೇಳೋರೂ ಕೇಳದವರೂ ಆ ಸೀನನ್ನ ಒಂದೇ ಥರ ನೋಡ್ತಾರೆ, ನಿಮ್ಮ ತಂದೆ ಯಾವುದನ್ನೂ ಕಳ್ಕೊಳ್ಳಲ್ಲ.

ಪ್ರಶ್ನೆ: ಎಲ್ಲರೂ ಹೇಳ್ತಾರೆ ಅಂತ 'ಪಥೇರ್ ಪಾಂಚಾಲಿ' ನೋಡಿದೆ. ಬಡತನ, ಮಳೆ, ಸಾವು. ಏನು ದೊಡ್ಡದು ಅಂತ ನಿಜವಾಗ್ಲೂ ಅರ್ಥ ಆಗ್ಲಿಲ್ಲ. ನನ್ನದೇ ತಪ್ಪಾ?

ಉತ್ತರ: ತಪ್ಪು ಅಂತ ಯಾಕೆ ಅಂದ್ಕೋತೀರಿ. "ಮಹಾನ್ ಸಿನಿಮಾ" ಅಂತ ಹೆದರಿಸಿ ಕೂರಿಸಿದ್ರೆ ಯಾರೂ ಸರಿಯಾಗಿ ನೋಡೋಕಾಗಲ್ಲ, ಯಾವಾಗ ಮಹತ್ತು ಬರುತ್ತೆ ಅಂತ ಕಾಯ್ತಾ ಕೂರ್ತೀವಿ. ಒಂದು ಕೆಲಸ ಮಾಡಿ, ಪೂರ್ತಿ ಬೇಡ, ಮೂರು ಕಡೆ ಮಾತ್ರ ತಿರುಗಿ ನೋಡಿ.

ಮೊದಲನೇದು ರೈಲು. ಅಕ್ಕ ದುರ್ಗಾ, ತಮ್ಮ ಅಪು, ಬಿಳಿ ಹೂವಿನ ಹುಲ್ಲುಗಾವಲಲ್ಲಿ. ಮೊದಲು ಕಂಬದ ಗುಂಯ್ ಸದ್ದು, ಅದಕ್ಕೆ ಕಿವಿ ಹಚ್ಚಿ ನಿಲ್ತಾರೆ, ಆಮೇಲೆ ದೂರದಲ್ಲಿ ಕಪ್ಪು ಹೊಗೆ, ಬಿಳಿ ಹೂವಿನ ಮೇಲೆ ಆ ಕಪ್ಪು. ಓಡ್ತಾರೆ. ಗಮನ ಇಟ್ಟು ನೋಡಿ, ದುರ್ಗಾ ಎಡವ್ತಾಳೆ, ಹಳಿ ಹತ್ತಿರಕ್ಕೆ ತಲುಪೋದು ಅಪು ಒಬ್ಬನೇ. ಮುಂದೆ ಜ್ವರದಲ್ಲಿ ಮಲಗಿದವಳು ವಾಸಿಯಾದ್ಮೇಲೆ ಇನ್ನೊಂದ್ಸಲ ರೈಲು ನೋಡೋಕೆ ಹೋಗೋಣ ಅಂತ ತಮ್ಮನಿಗೆ ಹೇಳ್ತಾಳಲ್ಲ, ಆ ಮಾತಿನ ಭಾರ ಈ ಎಡವಿದ್ದರಲ್ಲಿದೆ. ಸತ್ಯಜಿತ್ ರಾಯ್ ಶೂಟಿಂಗ್ ಶುರು ಮಾಡಿದ್ದೇ ಈ ಸೀನಿಂದ, 1952ರಲ್ಲಿ. ಒಂದು ದಿನ ತೆಗೆದು ಮುಂದಿನ ಭಾನುವಾರ ಬಂದು ನೋಡಿದ್ರೆ ಹೂವೆಲ್ಲಾ ದನ ಮೇಯ್ದುಬಿಟ್ಟಿದ್ವು, ಉಳಿದದ್ದು ತೆಗೆಯೋಕೆ ಮುಂದಿನ ಹೂಬಿಡೋ ಕಾಲದವರೆಗೆ ಕಾದ್ರು. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಅವರಿಗೆ ಆಗ 21-22 ವರ್ಷ, ಅದಕ್ಕೆ ಮುಂಚೆ ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ.

ಎರಡನೇದು ಅಪ್ಪ ವಾಪಸ್ ಬರೋದು. ಮಗಳು ಹೋದದ್ದು ಅವನಿಗೆ ಗೊತ್ತಿಲ್ಲ, ಅವಳಿಗೆ ಅಂತ ತಂದ ಸೀರೆ ತೆಗೆದು ಹೆಂಡತಿ ಕೈಗೆ ಕೊಡ್ತಾನೆ. ಅವಳು ಸೀರೆ ಕಚ್ಚಿ ಹಿಡಿದು ಕುಸೀತಾಳೆ, ಬಾಯಿ ತೆರೆಯುತ್ತೆ, ಆದ್ರೆ ಅಳೋ ದನಿ ನಮಗೆ ಕೇಳ್ಸಲ್ಲ, ಅದರ ಜಾಗದಲ್ಲಿ ತಾರ್ ಶೆಹನಾಯಿ ಕೇಳುತ್ತೆ. ತಾಯಿಯ ಗೋಳು ನೇರವಾಗಿ ಕೇಳಿಸಿದ್ರೆ ನಾವು ಬೇರೆಯವರ ದುಃಖ ನೋಡ್ತಿರೋ ಹಾಗಾಗ್ತಿತ್ತು, ವಾದ್ಯ ಕೇಳಿಸಿದ್ದಕ್ಕೆ ಅದು ನಮ್ಮೊಳಗೇ ಎದ್ದ ಹಾಗಾಗುತ್ತೆ. ಸಂಗೀತ ರವಿಶಂಕರ್ ಅವರದು.

ಮೂರನೇದು ಸರ. ದುರ್ಗಾ ನೆರೆಮನೆ ಹುಡುಗಿಯ ಮಣಿಸರ ಕದ್ದಳು ಅಂತ ಆರೋಪ ಬಂದಿತ್ತು, ಇಲ್ಲ ಅಂದಿದ್ದಳು. ಊರು ಬಿಡೋ ಮುಂಚೆ ಮನೆ ಖಾಲಿ ಮಾಡುವಾಗ ಅಪು ಕೈಗೆ ಆ ಸರ ಸಿಗುತ್ತೆ. ಯಾರಿಗೂ ಹೇಳಲ್ಲ, ಓಡಿ ಹೋಗಿ ಕೊಳಕ್ಕೆ ಎಸೀತಾನೆ, ಪಾಚಿ ಸರಿದು ಬಾಯಿ ಬಿಡುತ್ತೆ, ನಿಧಾನಕ್ಕೆ ಮತ್ತೆ ಮುಚ್ಕೊಳ್ಳುತ್ತೆ. ಒಬ್ಬ ಪುಟ್ಟ ಹುಡುಗ ಸತ್ತ ಅಕ್ಕನ ಮಾನ ಕಾಪಾಡಿದ. ಇದನ್ನ ಯಾವ ಸಂಭಾಷಣೆಯಲ್ಲಿ ಬರೀತೀರಿ ಹೇಳಿ?

ದುಡ್ಡಿಲ್ಲದೆ ನಿಂತೂ ನಿಂತೂ ಸುಮಾರು ಮೂರು ವರ್ಷ ಹಿಡೀತು ಈ ಸಿನಿಮಾ. ಅಷ್ಟರಲ್ಲಿ ಅಪು ದನಿ ಒಡೀಲಿಲ್ಲ, ದುರ್ಗಾ ದೊಡ್ಡವಳಾಗ್ಲಿಲ್ಲ, ಮುದುಕಿ ಪಾತ್ರದ ಚುನಿಬಾಲಾ ದೇವಿ ತೀರ್ಕೊಳ್ಳಲಿಲ್ಲ, ಈ ಮೂರೂ ಪವಾಡ ಅಂತ ರಾಯ್ ಅವರೇ ಹೇಳಿದಾರೆ. ಆ ಅಜ್ಜಿ ಸಿನಿಮಾ ತೆರೆಗೆ ಬರೋ ಮುಂಚೆ ಹೋಗ್ಬಿಟ್ರು. ಮೂರು ಸೀನ್ ನೋಡಿದ ಮೇಲೂ ಇಷ್ಟ ಆಗ್ಲಿಲ್ಲ ಅಂದ್ರೆ ನನಗೆ ಬರೀರಿ, ಬೇಜಾರಿಲ್ಲ, ಬೇರೆ ಹೇಳ್ತೀನಿ.

ಪ್ರಶ್ನೆ: ಕ್ಲೈಮ್ಯಾಕ್ಸ್ ಮೊದಲೇ ಗೊತ್ತಾದ್ರೆ ಸಿನಿಮಾ ಹಾಳಾಗುತ್ತಾ?

ಉತ್ತರ: ಬರೀ ತಿರುವಿನ ಮೇಲೆ ನಿಂತಿದ್ರೆ ಹಾಳಾಗುತ್ತೆ. 'ಇಕಿರು' ಮೊದಲ ನಿಮಿಷದಲ್ಲೇ ನಾಯಕ ಸಾಯ್ತಾನೆ ಅಂತ ಹೇಳಿ ಶುರು ಮಾಡುತ್ತೆ, ಏನೂ ಹಾಳಾಗಿಲ್ಲ. ಆದ್ರೂ ಬೇರೆಯವರಿಗೆ ನೀವಾಗೇ ಹೇಳ್ಬೇಡಿ, ಅದು ಅವರ ಹಕ್ಕು.

ಪ್ರಶ್ನೆ: ನನ್ನ ಗೆಳತಿಗೆ ಥ್ರಿಲ್ಲರ್ ಬಿಟ್ಟು ಬೇರೆ ಆಗಲ್ಲ, ನನಗೆ ರಕ್ತ ಕಂಡ್ರೆ ಆಗಲ್ಲ. ಇಬ್ಬರಿಗೂ ಆಗೋದು?

ಉತ್ತರ: 'ಎ ಸೆಪರೇಷನ್', ಇರಾನ್, 2011, ಅಸ್ಗರ್ ಫರ್ಹಾದಿ. ಗಂಡ ಹೆಂಡತಿ ನ್ಯಾಯಾಧೀಶರ ಮುಂದೆ ವಾದ ಮಾಡೋದ್ರಿಂದ ಶುರು, ಆದ್ರೆ ನ್ಯಾಯಾಧೀಶರ ಮುಖ ತೋರಿಸಲ್ಲ, ಅವರಿಬ್ಬರೂ ನೇರ ಕ್ಯಾಮೆರಾಕ್ಕೆ ಮಾತಾಡ್ತಾರೆ. ಅಂದ್ರೆ ತೀರ್ಪು ಕೊಡೋ ಕುರ್ಚಿಯಲ್ಲಿ ನಿಮ್ಮನ್ನೇ ಕೂರಿಸಿದಾರೆ. ಆಮೇಲೆ ಮನೇಲಿ ಒಂದು ಘಟನೆ ನಡೆಯುತ್ತೆ, ಮರೆವಿನ ಕಾಯಿಲೆಯ ಮುದಿ ಅಪ್ಪ, ಅವರನ್ನ ನೋಡ್ಕೊಳ್ಳೋಕೆ ಬರೋ ಬಡ ಹೆಂಗಸು, ಒಂದು ತಳ್ಳಾಟ, ಪೊಲೀಸ್ ಕೇಸ್. ಫರ್ಹಾದಿ ಒಂದು ಮುಖ್ಯವಾದ ಕ್ಷಣಾನ ನಮಗೆ ತೋರಿಸದೇ ದಾಟಿಸ್ಬಿಡ್ತಾರೆ, ನಾವು ಗಮನಿಸೋದೇ ಇಲ್ಲ, ಎಷ್ಟೋ ಹೊತ್ತಿನ ಮೇಲೆ ಅಯ್ಯೋ ಅದನ್ನ ನಾನು ನೋಡೇ ಇಲ್ವಲ್ಲ ಅಂತ ಹೊಳೆಯುತ್ತೆ. ಐದು ನಿಮಿಷಕ್ಕೊಂದ್ಸಲ ನೀವು ಪಕ್ಷ ಬದಲಾಯಿಸ್ತೀರಿ, ಪ್ರತಿಯೊಬ್ಬರೂ ಸುಳ್ಳು ಹೇಳ್ತಾರೆ, ಪ್ರತಿಯೊಬ್ಬರ ಸುಳ್ಳಿಗೂ ಕಾರಣ ಇದೆ. ಹನ್ನೊಂದು ವರ್ಷದ ಮಗಳ ಪಾತ್ರ ಮಾಡಿರೋದು ನಿರ್ದೇಶಕರ ಮಗಳೇ, ಅವಳು ಅಪ್ಪನನ್ನ ನೋಡೋ ನೋಟ ಒಂದೊಂದ್ಸಲ ಬೇಹುಗಾರಿಕೆ ಸಿನಿಮಾಕ್ಕಿಂತ ಜಾಸ್ತಿ ಎದೆ ಹೊಡ್ಕೊಳ್ಳೋ ಹಾಗೆ ಮಾಡುತ್ತೆ. ಇಬ್ಬರೂ ಒಟ್ಟಿಗೆ ನೋಡಿ, ಮುಗಿದ್ಮೇಲೆ ಯಾರದು ತಪ್ಪು ಅಂತ ಮಾತಾಡಿ, ರಾತ್ರಿ ಆಗುತ್ತೆ.

ಪ್ರಶ್ನೆ: ಅಪ್ಪ ಅಮ್ಮ ದೂರದಲ್ಲಿದಾರೆ, ನಾನು ಇಲ್ಲಿ. ವಾರಕ್ಕೊಂದ್ಸಲ ಫೋನು, ಅದೂ ಎರಡು ನಿಮಿಷ. ಅಪ್ಪ ಅಮ್ಮನ ಬಗ್ಗೆ ಒಂದು ಒಳ್ಳೆ ಸಿನಿಮಾ ಹೇಳಿ, ಅಳಿಸೋದಕ್ಕೇ ಅಂತ ಮಾಡಿರೋದು ಬೇಡ.

ಉತ್ತರ: ಒಝು ಅವರ 'ಟೋಕಿಯೋ ಸ್ಟೋರಿ', 1953. ವಯಸ್ಸಾದ ಗಂಡ ಹೆಂಡತಿ ದೂರದ ಊರಿಂದ ಟೋಕಿಯೋಗೆ ಮಕ್ಕಳನ್ನ ನೋಡೋಕೆ ಬರ್ತಾರೆ. ಮಗ ಡಾಕ್ಟರ್, ಬಿಡುವಿಲ್ಲ. ಮಗಳದು ಬ್ಯೂಟಿ ಪಾರ್ಲರ್, ಬಿಡುವಿಲ್ಲ. ಅವರ ಜೊತೆ ಸಮಯ ಕಳೆಯೋದು ಯುದ್ಧದಲ್ಲಿ ಹೋದ ಮಗನ ಹೆಂಡತಿ ನೊರಿಕೊ. ಮಕ್ಕಳು ಕೆಟ್ಟವರು ಅಂತ ಒಝು ಎಲ್ಲೂ ಹೇಳಲ್ಲ, ಯಾರೂ ಬೈಯಲ್ಲ, ಕೂಗಾಡಲ್ಲ. ಕ್ಯಾಮೆರಾ ನೆಲದ ಮೇಲೆ ಕೂತವರ ಮಟ್ಟಕ್ಕಿಂತಲೂ ಕೆಳಗಿರುತ್ತೆ, ಅಲುಗಾಡೋದು ಬಹಳ ಅಪರೂಪ, ಮನೆಗೆ ಬಂದ ನೆಂಟರ ಥರ ಒಂದು ಮೂಲೆಯಲ್ಲಿ ಸುಮ್ನೆ ಕೂತು ನೋಡುತ್ತೆ. ಮೊದಲ ಅರ್ಧ ಗಂಟೆ ಏನೂ ನಡೀತಿಲ್ಲ ಅನ್ಸುತ್ತೆ, ತಾಳ್ಕೊಳ್ಳಿ.

ತಂದೆ ಪಾತ್ರದ ಚಿಶು ರ್ಯು ಅವರಿಗೆ ಆಗ ಇನ್ನೂ ಐವತ್ತು ತುಂಬಿರಲಿಲ್ಲ, ಮಗಳ ಪಾತ್ರ ಮಾಡಿದ ನಟಿಗಿಂತ ಸುಮಾರು ಐದೇ ವರ್ಷ ದೊಡ್ಡವರು ಅಂದ್ರೆ ನಂಬೋಕಾಗಲ್ಲ, ಬೆನ್ನು ಬಾಗಿಸೋದರಲ್ಲಿ, "ಹೂಂ" ಅನ್ನೋದರಲ್ಲಿ ಇಪ್ಪತ್ತು ವರ್ಷ ಜಾಸ್ತಿ ಹೊತ್ಕೊಂಡಿದಾರೆ. ಮಕ್ಕಳು ದುಡ್ಡು ಹಾಕಿ ಅವರನ್ನ ಸಮುದ್ರದ ಪಕ್ಕದ ಊರಿಗೆ ಕಳಿಸ್ತಾರೆ, ಸತ್ಕಾರದ ಹೆಸರಲ್ಲಿ ಸಾಗಹಾಕಿದ್ದು ಅಂತ ಎಲ್ಲರಿಗೂ ಗೊತ್ತು. ರಾತ್ರಿಯೆಲ್ಲಾ ಪಕ್ಕದ ರೂಮಿನ ಗಲಾಟೆಗೆ ನಿದ್ದೆ ಇಲ್ಲ, ಬೆಳಿಗ್ಗೆ ಕಡಲ ಕಟ್ಟೆ ಮೇಲೆ ಇಬ್ಬರೂ ಕೂತಿರ್ತಾರೆ, ವಾಪಸ್ ಹೋಗೋಣ ಅಂದ್ಕೋತಾರೆ, ಏಳುವಾಗ ಅಮ್ಮನಿಗೆ ಸ್ವಲ್ಪ ತಲೆ ಸುತ್ತುತ್ತೆ. ಅಷ್ಟೇ ಸೀನು. ಆಮೇಲೆ ಅಮ್ಮನಿಗೆ ಹುಷಾರಿಲ್ಲ ಅಂತ ತಂತಿ ಬಂದಾಗ ಮಗಳು ಅಣ್ಣನನ್ನ ಕೇಳೋದು ಸಾವಿನ ಮನೇಲಿ ನಾವು ಹಾಕ್ಕೊಳ್ಳೋ ಬಟ್ಟೆ ತಗೊಂಡು ಹೋಗೋಣ್ವಾ ಅಂತ. ಅವಳು ಅಳೋದೇ ಇಲ್ಲ ಅಂತಲ್ಲ, ಅಳ್ತಾಳೆ, ಅತ್ತು ಸ್ವಲ್ಪ ಹೊತ್ತಿಗೆ ಅಮ್ಮನ ಇಂಥ ಬಟ್ಟೆ ನನಗಿರ್ಲಿ ಅಂತಾಳೆ. ಎರಡೂ ನಿಜ, ಎರಡೂ ಒಬ್ಬಳೇ ಮಗಳು. ನಮಗೆ ಸಿಟ್ಟು ಬರುತ್ತೆ, ಬಂದ ತಕ್ಷಣ ನಾವೂ ಹೀಗೇ ಅಲ್ವಾ ಅಂತ ಮಾತು ನಿಂತೋಗುತ್ತೆ.

ಸಿನಿಮಾ ಶುರುವಲ್ಲಿ ಈ ಗಂಡ ಹೆಂಡತಿ ಪ್ರಯಾಣಕ್ಕೆ ಸಾಮಾನು ಜೋಡಿಸ್ಕೋತಿರುವಾಗ ಪಕ್ಕದ ಮನೆಯಾಕೆ ಕಿಟಕಿ ಹತ್ತಿರ ನಿಂತು ಮಾತಾಡಿಸ್ತಾಳೆ, ಮಕ್ಕಳ ಹತ್ತಿರ ಹೋಗ್ತಿದೀರಿ, ಪುಣ್ಯವಂತರು ಅನ್ನೋ ಥರ. ಅದನ್ನ ಸರಿಯಾಗಿ ನೆನಪಿಟ್ಕೊಂಡು ನೋಡಿ. ಕೊನೆಯಲ್ಲಿ ಅದೇ ಕಿಟಕಿ, ಅದೇ ಪಕ್ಕದ ಮನೆಯಾಕೆ, ಬೀಸಣಿಗೆ ಹಿಡಿದು ಅದೇ ಜಾಗದಲ್ಲಿ ಕೂತಿರೋ ಅಪ್ಪ, ಪಕ್ಕದಲ್ಲಿ ಮಾತ್ರ ಜಾಗ ಖಾಲಿ ಇದೆ.